ಮರೆತುಬಿಡು ಎನ್ನದ ವೈದ್ಯ



ಇಂದು ಪಂಚಾಶತ್ತಮ ಹಬ್ಬದ ಭಾನುವಾರ. ಯೆರೂಸಲೇಮಿನ ಆ ಮನೆಯಲ್ಲಿ ಗಾಳಿಯ ಸದ್ದು ತುಂಬಿಕೊಂಡದ್ದು, ಬೆಂಕಿಯಂಥ ನಾಲಗೆಗಳು ಒಬ್ಬೊಬ್ಬರ ಮೇಲೂ ಇಳಿದದ್ದು, ಅಲ್ಲಿಯವರೆಗೆ ಅಂಜಿ ಕೂತಿದ್ದವರು ಜನರ ಮುಂದೆ ನಿಂತು ಮಾತಾಡಿದ್ದು, ಇದನ್ನೆಲ್ಲ ಈಗಷ್ಟೇ ಓದಿ ಕೇಳಿದೆವು. ಪ್ರತಿ ವರ್ಷವೂ ಈ ದಿನ ನಾವು ಮಾತಿನ ವರಕ್ಕಾಗಿ ಸ್ತೋತ್ರ ಸಲ್ಲಿಸುತ್ತೇವೆ. ಆದರೆ ಲೂಕನು ಬರೆದ ಆ ಅಧ್ಯಾಯವನ್ನು ಮನೆಗೆ ಹೋಗಿ ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ. ಪಾರ್ಥ್ಯರು, ಮೇದ್ಯರು, ಐಗುಪ್ತದವರು, ರೋಮಿನಿಂದ ಬಂದವರು ಬೆರಗಾದದ್ದು ಗಲಿಲಾಯದ ಬೆಸ್ತರ ವಾಕ್ಚಾತುರ್ಯಕ್ಕಲ್ಲ. ತಮ್ಮ ತಮ್ಮ ಹುಟ್ಟುನುಡಿ ತಮ್ಮ ಕಿವಿಗೆ ಬಿತ್ತಲ್ಲ ಎಂದು ಅವರು ಬೆರಗಾದರು. ಆ ದಿನ ಪವಿತ್ರಾತ್ಮನು ಹೇಳುವವರ ಬಾಯಲ್ಲಿ ಎಷ್ಟು ಕೆಲಸ ಮಾಡಿದನೋ ಕೇಳುವವರ ಕಿವಿಯಲ್ಲೂ ಅಷ್ಟೇ ಮಾಡಿದನು.

ಆ ಕಿವಿಯ ವರವನ್ನು ಪಡೆದಿದ್ದ ಒಬ್ಬರನ್ನು ಇಂದು ನಿಮ್ಮ ಮುಂದೆ ನೆನೆಯಬೇಕೆಂದಿದ್ದೇನೆ. ಅವರು ತೀರಿಕೊಂಡದ್ದು 1922ರ ಜೂನ್ 4ರಂದು. ಆ ವರ್ಷ ಅದು ಇದೇ ಹಬ್ಬದ ಭಾನುವಾರವಾಗಿತ್ತು. ಹೆಸರು ವಿಲಿಯಂ ಹಾಲ್ಸ್ ರಿವರ್ಸ್ ರಿವರ್ಸ್. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಯ ವೈದ್ಯಕೀಯ ದಳದಲ್ಲಿ ಕ್ಯಾಪ್ಟನ್ ಆಗಿದ್ದರು, ಮನೋವೈದ್ಯರಾಗಿದ್ದರು. ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನ ಕೋಣೆಗಳಲ್ಲಿ ವಾಸ. ಮದುವೆಯಾಗಿರಲಿಲ್ಲ. ಹಬ್ಬದ ರಜೆಯೆಂದು ಸೇವಕನನ್ನೂ ಅವನ ಮನೆಗೆ ಕಳುಹಿಸಿಬಿಟ್ಟಿದ್ದರು. ಹರ್ನಿಯಾ ಬಿಗಿದು ನೋವು ಶುರುವಾದಾಗ ಕೂಗಿದರೆ ಬರುವವರು ಹತ್ತಿರ ಯಾರೂ ಇರಲಿಲ್ಲ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಕಾಲ ಮೀರಿತ್ತು. ಆಗ ಅವರಿಗೆ 58 ವರ್ಷ. ನೂರಾರು ಜನರ ಕೂಗಿಗೆ ಓಗೊಟ್ಟ ಮನುಷ್ಯ ಹೀಗೆ ಹೋದರು ಎಂಬುದನ್ನು ಓದಿದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ.

ನೂರು ವರ್ಷ ದಾಟಿತು, ದೂರದೇಶದವರು, ಅವರ ಹೆಸರು ನಮ್ಮ ಸಭೆಯಲ್ಲಿ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಈ ಬೆಂಚುಗಳಲ್ಲಿ ಕೂತವರಲ್ಲಿ ಸೈನಿಕರ ತಾಯಂದಿರಿದ್ದೀರಿ, ಹೆಂಡತಿಯರಿದ್ದೀರಿ, ನಿವೃತ್ತರಾಗಿ ಬಂದವರೂ ಇದ್ದೀರಿ. ಗಡಿಯಿಂದ ಮನೆಗೆ ಬಂದ ಮಗ ನಡುರಾತ್ರಿ ಬೆವೆತು ಎದ್ದು ಕೂತರೆ ನಾವು ಹೇಳುವುದು ಏನು? ಆದದ್ದಾಯಿತು, ಮರೆತುಬಿಡು. ಗಂಡಸಾಗಿ ಹೀಗೆ ಅಂಜಿದರೆ ಹೇಗೆ. ಪ್ರಾರ್ಥನೆ ಮಾಡು, ಎಲ್ಲ ಸರಿಹೋಗುತ್ತದೆ. ಪ್ರೀತಿಯಿಂದಲೇ ಹೇಳುತ್ತೇವೆ, ಅನುಮಾನವಿಲ್ಲ. ಈ ಪ್ರೀತಿಯ ಮಾತೇ ಎಷ್ಟೋ ಸಲ ಗಾಯದ ಬಾಯಿ ಹೊಲಿದು ಕೀವನ್ನು ಒಳಗೇ ಉಳಿಸುತ್ತದೆ ಎಂದು ವೈದ್ಯರ ಸಭೆಯಲ್ಲಿ ನಿಂತು ತಿಳಿಹೇಳಿದವರು ರಿವರ್ಸ್.

ಅವರು ಹುಟ್ಟಿದ್ದು 1864ರಲ್ಲಿ, ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ. ತಂದೆ ಆಂಗ್ಲಿಕನ್ ಸಭೆಯ ಪಾದ್ರಿ. ಉಗ್ಗುವವರಿಗೆ ಮಾತು ತಿದ್ದಿಕೊಡುವ ಕೆಲಸವನ್ನೂ ತಂದೆ ಮಾಡುತ್ತಿದ್ದರು. ಆದರೂ ಮಗನ ಉಗ್ಗು ಹೋಗಲಿಲ್ಲ. ಜೀವನಪೂರ್ತಿ ಅವರ ಮಾತು ತಡವರಿಸುತ್ತಲೇ ಇತ್ತು. ಮೋಶೆಯನ್ನು ನೆನೆಯಿರಿ. ತನ್ನ ನಾಲಗೆ ಮಂದ, ಬೇರೆ ಯಾರನ್ನಾದರೂ ಕಳುಹಿಸು ಎಂದು ಉರಿಯುವ ಪೊದೆಯ ಮುಂದೆ ಹಿಂಜರಿದವನು ಅವನು. ದೇವರು ಅವನನ್ನು ಬಿಡಲಿಲ್ಲ, ನಾಲಗೆಯನ್ನು ಬದಲಿಸಿಕೊಡಲೂ ಇಲ್ಲ. ರಿವರ್ಸ್ 22ನೆಯ ವಯಸ್ಸಿಗೇ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂಸ್ ಆಸ್ಪತ್ರೆಯಲ್ಲಿ ಓದಿ ವೈದ್ಯರಾದರು. ಹಡಗಿನ ವೈದ್ಯರಾಗಿ ಜಪಾನಿನವರೆಗೆ ಹೋಗಿಬಂದರು. ಆಮೇಲೆ ಕೇಂಬ್ರಿಜ್‌ನಲ್ಲಿ ಮನಶ್ಶಾಸ್ತ್ರ ಕಲಿಸಿದರು, 1898ರಲ್ಲಿ ಆಸ್ಟ್ರೇಲಿಯಾದ ಉತ್ತರಕ್ಕಿರುವ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಸಂಶೋಧಕರ ತಂಡದೊಂದಿಗೆ ಹೋದರು.

ನಮಗೆ ಹತ್ತಿರದ ಸಂಗತಿ ಅದರ ನಂತರದ್ದು. 1901ರಿಂದ 1902ರವರೆಗೆ ರಿವರ್ಸ್ ನೀಲಗಿರಿಯಲ್ಲಿದ್ದರು. ಬಂಡೀಪುರ ದಾಟಿ ನಾವು ಹತ್ತುವ ಅದೇ ಬೆಟ್ಟ. ಅಲ್ಲಿ ಕನ್ನಡಕ್ಕೆ ಒಡಹುಟ್ಟಿನಂಥ ಬಡಗ ನುಡಿಯಾಡುವ ಜನರಿದ್ದಾರೆ, ಎಮ್ಮೆಗಳನ್ನೂ ಹಾಲಿನ ಮನೆಗಳನ್ನೂ ಪವಿತ್ರವೆಂದು ನಡೆಸಿಕೊಂಡು ಬಂದ ತೋಡರಿದ್ದಾರೆ. ತೋಡರು ಆಗ ಸುಮಾರು 800 ಜನ. ಹೆಚ್ಚುಕಡಿಮೆ ಅವರೆಲ್ಲರ ವಂಶಾವಳಿಯನ್ನೂ ರಿವರ್ಸ್ ಕೇಳಿ ಕೇಳಿ ಬರೆದುಕೊಂಡರು. ಅದು ಸುಲಭದ್ದಾಗಿರಲಿಲ್ಲ. ತೀರಿಕೊಂಡ ಹಿರಿಯರ ಹೆಸರನ್ನು ತೋಡರು ಬಾಯಿಬಿಟ್ಟು ಹೇಳುವುದಿಲ್ಲ. ಒಬ್ಬರ ಮನೆಯ ಸತ್ತವರ ಹೆಸರನ್ನು ಇನ್ನೊಂದು ಮನೆಯವರಿಂದ ತಿಳಿದುಕೊಳ್ಳಬೇಕಾಗಿತ್ತು. 1906ರಲ್ಲಿ ಹೊರಬಂದ ‘ದಿ ತೋಡಾಸ್’ ಎಂಬ ಅವರ ದಪ್ಪ ಪುಸ್ತಕವನ್ನು ಇವತ್ತಿಗೂ ವಿದ್ವಾಂಸರು ತೆಗೆದು ನೋಡುತ್ತಾರೆ.

ಆ ಪುಸ್ತಕದಲ್ಲಿ ಒಂದು ವಿಷಯವನ್ನು ಅವರು ಮುಚ್ಚಿಟ್ಟಿಲ್ಲ. ತಮ್ಮ ಗುಟ್ಟಿನ ಆಚಾರಗಳನ್ನು ಅವರಿಗೆ ತಿಳಿಸಿದ ಕೆಲವು ತೋಡರ ಮನೆಗಳಿಗೆ ಅದೇ ದಿನಗಳಲ್ಲಿ ಕಾಯಿಲೆ, ಸಾವು ಬಂದವು. ಹೇಳಬಾರದ್ದನ್ನು ಹೇಳಿದ್ದಕ್ಕೆ ದೇವರುಗಳು ಮುನಿದರೆಂದು ಅವರು ನಂಬಿದರು, ಹೇಳುವುದನ್ನು ನಿಲ್ಲಿಸಿದರು. ಬಿಳಿಯ ದೊರೆಗಳು ಬೆಟ್ಟದ ಜನರ ನಂಬಿಕೆಗಳನ್ನು ನಗೆಗೆ ಈಡುಮಾಡುತ್ತಿದ್ದ ಕಾಲ ಅದು. ರಿವರ್ಸ್ ಅದನ್ನು ನಡೆದಂತೆಯೇ ದಾಖಲಿಸಿದರು. ಒಬ್ಬರ ಒಳಗನ್ನು ಕೇಳಿಸಿಕೊಳ್ಳುವುದು ಹಗುರವಾದ ಕೆಲಸವಲ್ಲ, ಹೇಳಿದವರು ಅದಕ್ಕೆ ಬೆಲೆ ತೆರುತ್ತಾರೆ ಎಂಬ ಪಾಠ ಅವರಿಗೆ ನಮ್ಮ ನೆರೆಯ ಬೆಟ್ಟದಲ್ಲೇ ಸಿಕ್ಕಿತ್ತು ಎಂದು ನಾನು ಅಂದುಕೊಳ್ಳುತ್ತೇನೆ.

1914ರಲ್ಲಿ ಯುದ್ಧ ಬಂತು. ನಮ್ಮ ದೇಶದಿಂದಲೇ 10 ಲಕ್ಷಕ್ಕೂ ಹೆಚ್ಚು ಸೈನಿಕರು ಕಡಲಾಚೆಗೆ ಹೋದ ಯುದ್ಧ. ಮೈಸೂರು ಲ್ಯಾನ್ಸರ್ಸ್ ದಳದ ನಮ್ಮವರು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕೆ ಕುದುರೆಯ ಮೇಲೆ ನುಗ್ಗಿದ್ದು ಇದೇ ಯುದ್ಧದಲ್ಲಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಫ್ರಾನ್ಸಿನ ಕಂದಕಗಳಿಂದ ಬೇರೆ ಥರದ ಗಾಯಾಳುಗಳು ಬರತೊಡಗಿದರು. ಮೈಮೇಲೆ ಗೀರೂ ಇಲ್ಲ. ಆದರೆ ಕೈ ನಡುಗುತ್ತದೆ, ಮಾತು ನಿಂತುಹೋಗಿದೆ, ಕಣ್ಣು ಮುಚ್ಚಿದರೆ ಸತ್ತವರು ಬಂದು ನಿಲ್ಲುತ್ತಾರೆ. ಸಿಡಿಗುಂಡಿನ ಆಘಾತದಿಂದ ಹೀಗಾಗುತ್ತದೆ ಎಂದು ಮೊದಲು ಭಾವಿಸಿ ‘ಶೆಲ್ ಶಾಕ್’ ಅಂದರು. ಅನೇಕ ಅಧಿಕಾರಿಗಳ ಬಾಯಲ್ಲಿ ಇನ್ನೂ ಸರಳವಾದ ಹೆಸರಿತ್ತು: ಹೇಡಿತನ. ಓಡಿಹೋದರು, ಅಂಜಿದರು ಎಂಬಂಥ ಆರೋಪಗಳ ಮೇಲೆ ಬ್ರಿಟಿಷ್ ಸೇನೆಯವರೇ ಗುಂಡಿಟ್ಟು ಕೊಂದ 306 ಸೈನಿಕರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಅಷ್ಟು ಹೊತ್ತಿಗೆ ಅವರ ತಾಯಿ ತಂದೆ, ಹೆಂಡತಿ, ಎಲ್ಲರೂ ಮಣ್ಣಾಗಿದ್ದರು.

ರಿವರ್ಸ್ 1915ರಲ್ಲಿ ಲಿವರ್‌ಪೂಲ್ ಹತ್ತಿರದ ಮಗಲ್ ಸೇನಾ ಆಸ್ಪತ್ರೆಗೆ ಸೇರಿದರು. ಅಲ್ಲಿ ಸಾಮಾನ್ಯ ಸಿಪಾಯಿಗಳಿದ್ದರು. ಮರುವರ್ಷ ಎಡಿನ್‌ಬರೋ ಹೊರವಲಯದ ಕ್ರೇಗ್‌ಲಾಕ್‌ಹಾರ್ಟ್‌ಗೆ ಬಂದರು. ಅದು ಅಧಿಕಾರಿಗಳ ಆಸ್ಪತ್ರೆ. ಇಷ್ಟು ಹೊತ್ತಿಗೆ ಲಂಡನ್ನಿನಲ್ಲಿ ಕೆಲವು ವೈದ್ಯರು ಮಾತು ನಿಂತ ಸಿಪಾಯಿಗಳ ಗಂಟಲಿಗೆ ವಿದ್ಯುತ್ ಹಾಯಿಸಿ ಮಾತು ಬರಿಸುತ್ತಿದ್ದರು. ಬಾಗಿಲಿಗೆ ಬೀಗ ಹಾಕಿ, ಮಾತಾಡುವವರೆಗೆ ಹೊರಗೆ ಬಿಡುವುದಿಲ್ಲ ಎಂದು ಹೆದರಿಸಿ. ಅದನ್ನೂ ಚಿಕಿತ್ಸೆ ಅಂದರು. ಕ್ರೇಗ್‌ಲಾಕ್‌ಹಾರ್ಟ್‌ನಲ್ಲಿ ಉಗ್ಗುವ ಸೈನಿಕರ ಎದುರು ಉಗ್ಗುವ ವೈದ್ಯರೊಬ್ಬರು ಕುರ್ಚಿ ಹಾಕಿಕೊಂಡು ಕೂತರು, ಮಾತು ತಾನಾಗಿ ಬರುವವರೆಗೆ ಕಾದರು.

ಅವರ ಬಳಿಗೆ ಬಂದ ಒಬ್ಬ ಅಧಿಕಾರಿಯ ಕಥೆ ಕೇಳಿ. ತನ್ನ ಗೆಳೆಯನನ್ನು ಹುಡುಕಿಕೊಂಡು ರಣರಂಗಕ್ಕೆ ಹೋಗಿದ್ದವನಿಗೆ ಸಿಕ್ಕಿದ್ದು ಸಿಡಿಗುಂಡಿಗೆ ಛಿದ್ರವಾಗಿದ್ದ ಮೈ. ಅಂದಿನಿಂದ ಪ್ರತಿ ರಾತ್ರಿ ಆ ಗೆಳೆಯ ಕನಸಿನಲ್ಲಿ ಬರುತ್ತಿದ್ದ. ಒಮ್ಮೊಮ್ಮೆ ರಣರಂಗದಲ್ಲಿ ಕಂಡ ಸ್ಥಿತಿಯಲ್ಲಿ, ಒಮ್ಮೊಮ್ಮೆ ಕುಷ್ಠರೋಗಿಯ ರೂಪದಲ್ಲಿ ಹತ್ತಿರ ಹತ್ತಿರ ಬಂದು ನಿಲ್ಲುತ್ತಿದ್ದ. ಈ ಅಧಿಕಾರಿಗೆ ಎಲ್ಲರೂ ಕೊಟ್ಟ ಬುದ್ಧಿ ಒಂದೇ. ಆ ದೃಶ್ಯವನ್ನು ಮನಸ್ಸಿನಿಂದ ತೆಗೆದುಹಾಕು, ಒಳ್ಳೆಯದನ್ನು ಯೋಚಿಸು. ಅವನು ಹಗಲೆಲ್ಲ ಹಾಗೆಯೇ ಮಾಡಲು ಹೆಣಗುತ್ತಿದ್ದ, ರಾತ್ರಿ ಸೋಲುತ್ತಿದ್ದ. ರಿವರ್ಸ್ ಮಾತ್ರ ಆ ದೃಶ್ಯದ ಕಡೆಗೇ ಅವನನ್ನು ಕೈಹಿಡಿದು ನಡೆಸಿದರು. ಅವನು ಹೇಳಿದ್ದನ್ನು ಪೂರ್ತಿ ಕೇಳಿ, ಒಂದು ಸತ್ಯವನ್ನು ತೋರಿಸಿದರು: ಮೈ ಹಾಗೆ ಛಿದ್ರವಾಗಿತ್ತೆಂದರೆ ನಿನ್ನ ಗೆಳೆಯ ಆ ಕ್ಷಣದಲ್ಲೇ ಸತ್ತಿದ್ದಾನೆ, ಗಾಯಗೊಂಡವರ ದೀರ್ಘ ನರಳಾಟ ಅವನಿಗೆ ಬರಲಿಲ್ಲ. ಅಧಿಕಾರಿಯ ಮುಖ ಅರಳಿತು. ಇನ್ನು ಇದನ್ನು ದೂರ ತಳ್ಳುವುದಿಲ್ಲ, ನೆನೆದಾಗ ಹೀಗೆಯೇ ನೆನೆಯುತ್ತೇನೆ ಎಂದ. ಆಮೇಲೂ ಗೆಳೆಯ ಕನಸಿನಲ್ಲಿ ಬಂದ. ಈ ಸಲ ಅಧಿಕಾರಿ ಅವನ ಪಕ್ಕಕ್ಕೆ ಹೋಗಿ ಕೂತ, ಮಾತಾಡಿದ. ಎದ್ದಾಗ ಭಯವಿರಲಿಲ್ಲ, ದುಃಖವಿತ್ತು.

ಭಯ ಹೋಗಿ ದುಃಖ ಬಂತು. ದುಃಖವನ್ನು ಕೊಟ್ಟ ಈ ವೈದ್ಯರ ಮುಂದೆ ನಾನು ತಲೆಬಾಗುತ್ತೇನೆ. ಏಕೆಂದರೆ ದುಃಖಪಡಬಲ್ಲವನು ಬದುಕಬಲ್ಲ. ಸತ್ತ ಗೆಳೆಯ ಅವನಿಗೆ ಮತ್ತೆ ಗೆಳೆಯನಾಗಿ ದೊರೆತ.

ಇದರ ಮಗ್ಗುಲಲ್ಲೇ ಇನ್ನೊಬ್ಬನ ಕಥೆಯನ್ನೂ ರಿವರ್ಸ್ ಬರೆದಿಟ್ಟಿದ್ದಾರೆ. ಸಿಡಿಗುಂಡಿನ ಹೊಡೆತಕ್ಕೆ ಹಾರಿಹೋಗಿ ಕೊಳೆಯುತ್ತಿದ್ದ ಹೆಣದ ಮೇಲೆ ಬಿದ್ದವನು ಅವನು. ಅದನ್ನು ಪೂರ್ತಿಯಾಗಿ ಈ ಪೀಠದಿಂದ ಹೇಳಲಾರೆ, ಮಕ್ಕಳು ಕೂತಿದ್ದಾರೆ. ಅವನ ಅನುಭವದಲ್ಲಿ ಕೈಗೆ ಹಿಡಿದುಕೊಳ್ಳಲು ಒಂದು ಎಳೆಯಷ್ಟೂ ಸಮಾಧಾನ ಇರಲಿಲ್ಲ. ಹುಡುಕಿದರೂ ಸಿಗಲಿಲ್ಲ ಎಂದು ರಿವರ್ಸ್ ಒಪ್ಪಿಕೊಂಡರು. ಇಲ್ಲದ ಸಮಾಧಾನವನ್ನು ಕಟ್ಟಿ ಕೊಡಲಿಲ್ಲ. ಅವನು ಸೇನೆಯನ್ನು ಬಿಟ್ಟು, ಹಿಂದೆ ನೆಮ್ಮದಿ ಕೊಟ್ಟಿದ್ದ ಹಳ್ಳಿಗಾಡಿನ ಬದುಕಿಗೆ ಮರಳಲಿ ಎಂದು ಸಲಹೆ ಮಾಡಿದರು. ಈ ಎರಡನೆಯ ಕಥೆಯೇ ನನ್ನನ್ನು ಹೆಚ್ಚು ಕಾಡುತ್ತದೆ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ, ಹೆಣದ ಪೆಟ್ಟಿಗೆ ಇನ್ನೂ ಮನೆಯಲ್ಲಿರುವಾಗಲೇ, ಇದು ದೇವರ ಚಿತ್ತ ಎಂದುಬಿಡುವ ನಾಲಗೆಗಳು ನಮ್ಮಲ್ಲಿ ಎಷ್ಟಿವೆ! ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಬಾಯಿ ತೆರೆಯದೆ ಅವನ ಜೊತೆ ನೆಲದ ಮೇಲೆ ಕೂತರು. ಅಷ್ಟು ದಿನ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ದೇವರ ಪರವಾಗಿ ವಾದಿಸತೊಡಗಿದ ಮೇಲೆ ಕೆಟ್ಟರು, ಕಡೆಗೆ ದೇವರೇ ಅವರ ಮೇಲೆ ಕೋಪಗೊಂಡನು.

ಈ ವಿಚಾರಗಳನ್ನು ರಿವರ್ಸ್ 1917ರ ಡಿಸೆಂಬರ್‌ನಲ್ಲಿ ಲಂಡನ್ನಿನ ವೈದ್ಯರ ಸಭೆಯ ಮುಂದೆ ಓದಿದರು. ಮರುವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ನೋವನ್ನು ದಿನವಿಡೀ ಕೆದಕುತ್ತಾ ಕೂರಬೇಕೆಂದು ಅವರು ಹೇಳಲಿಲ್ಲ. ಅದರಿಂದಲೂ ಕೇಡು ಎಂದು ಎಚ್ಚರಿಸಿದರು. ಮನಸ್ಸಿನಿಂದ ಬಲವಂತವಾಗಿ ಹೊರದೂಡುವುದನ್ನು ನಿಲ್ಲಿಸಿ, ನಂಬಿಗಸ್ತರೊಂದಿಗೆ ಆಡಿ, ಅದರೊಂದಿಗೆ ಬದುಕಲು ಕಲಿಯಬೇಕು ಎಂದರು. ಮುಂದೆ ವಾಯುದಳದ ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಇನ್ನೊಂದನ್ನು ಕಂಡುಕೊಂಡರು. ವಿಮಾನ ನಡೆಸುವವನಿಗಿಂತ, ಕಟ್ಟಿಹಾಕಿದ ಬಲೂನಿನಲ್ಲಿ ಕೂತು ಶತ್ರುವಿನ ಕಡೆ ನೋಡುತ್ತಿರಬೇಕಾದವನ ಮನಸ್ಸು ಬೇಗ ಮುರಿಯುತ್ತಿತ್ತು. ಅಪಾಯ ಇಬ್ಬರಿಗೂ ಇತ್ತು, ಆದರೆ ಎರಡನೆಯವನ ಕೈಯಲ್ಲಿ ಮಾಡಲು ಏನೂ ಇರಲಿಲ್ಲ. ಮುರಿದವನು ಹೇಡಿಯಾದ್ದರಿಂದ ಮುರಿಯಲಿಲ್ಲ, ಏನೂ ಮಾಡಲಾಗದೆ ಸಾವಿಗೆ ಕಾಯುತ್ತಾ ಕೂರಿಸಿದ್ದರಿಂದ ಮುರಿದ.

ಎಲೀಯನನ್ನು ನೆನೆಯೋಣ. ಕರ್ಮೆಲ್ ಬೆಟ್ಟದಲ್ಲಿ ಒಬ್ಬನೇ ನಿಂತು ಗೆದ್ದ ಪ್ರವಾದಿ. ಮರುದಿನವೇ ಈಜೆಬೆಲಳ ಬೆದರಿಕೆಗೆ ಅಂಜಿ ಓಡಿದ. ಬೇರ್ಷೆಬದಾಚೆಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು ಸಾವನ್ನು ಬೇಡಿದ. ದೇವರು ಅವನಿಗೆ ನಾಚಿಕೆಯಾಗುವುದಿಲ್ಲವೇ ಎಂದು ಕೇಳಲಿಲ್ಲ. ನಿದ್ದೆ ಮಾಡಲು ಬಿಟ್ಟನು. ದೂತನನ್ನು ಕಳುಹಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ಕೊಟ್ಟನು. ತಿಂದು ಮತ್ತೆ ಮಲಗಿದರೂ ಬೈಯಲಿಲ್ಲ, ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸಿದನು. ಹೋರೇಬಿನ ಗವಿಯ ಹತ್ತಿರ ಇಲ್ಲೇನು ಮಾಡುತ್ತಿದ್ದೀ ಎಂದು ವಿಚಾರಿಸಿದನು. ಎಲೀಯ ತನ್ನ ದೂರನ್ನೆಲ್ಲ ಹೇಳಿಕೊಂಡ. ಗಾಳಿ, ಭೂಕಂಪ, ಬೆಂಕಿ ಹಾದುಹೋದ ಮೇಲೆ ದೇವರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದನು. ಎಲೀಯ ಅದೇ ಉತ್ತರವನ್ನು ಮತ್ತೆ ಹೇಳಿದ, ಅಕ್ಷರವೂ ಬದಲಾಗಲಿಲ್ಲ. ಸರ್ವವನ್ನೂ ಬಲ್ಲವನು ಒಂದೇ ದೂರನ್ನು ಎರಡು ಸಲ ಪೂರ್ತಿಯಾಗಿ ಕೇಳಿದನು. ನಮಗಾದರೋ ಒಂದು ಸಲ ಕೇಳುವಷ್ಟರಲ್ಲಿ ಗಡಿಯಾರದ ಕಡೆ ಕಣ್ಣು ಹೋಗುತ್ತದೆ.

ರಿವರ್ಸ್‌ರನ್ನು ಸಂತರ ಸಾಲಿಗೆ ಸೇರಿಸಲು ನಾನು ಹೊರಟಿಲ್ಲ. ಅವರ ಕೆಲಸದ ನಡುವೆಯೇ ಒಂದು ಮುಳ್ಳಿತ್ತು. ಅವರು ಸಮವಸ್ತ್ರ ತೊಟ್ಟ ವೈದ್ಯ. ಗುಣವಾದ ಸೈನಿಕನಿಗೆ ಮುಂದಿನ ದಾರಿ ಮತ್ತೆ ಅದೇ ಕಂದಕ. 1917ರ ಜುಲೈನಲ್ಲಿ ಸೀಗ್‌ಫ್ರೀಡ್ ಸಸೂನ್ ಎಂಬ ಅಧಿಕಾರಿಯನ್ನು ಅವರ ಬಳಿ ಕಳುಹಿಸಿದರು. ಕವಿ, ಶೌರ್ಯಕ್ಕೆ ಪದಕ ಪಡೆದವನು. ನಿಲ್ಲಿಸುವ ಅಧಿಕಾರ ಇರುವವರೇ ಈ ಯುದ್ಧವನ್ನು ಬೇಕೆಂದು ಎಳೆಯುತ್ತಿದ್ದಾರೆ, ನಾನಿನ್ನು ಹೋರಾಡುವುದಿಲ್ಲ ಎಂದು ಬಹಿರಂಗ ಹೇಳಿಕೆ ಕೊಟ್ಟಿದ್ದ. ಅದನ್ನು ಬ್ರಿಟಿಷ್ ಸಂಸತ್ತಿನಲ್ಲೂ ಓದಲಾಯಿತು. ಸೇನಾ ನ್ಯಾಯಾಲಯಕ್ಕೆ ಎಳೆದರೆ ಗದ್ದಲವಾಗುತ್ತದೆಂದು ಅವನನ್ನು ಮನೋರೋಗಿ ಎಂದುಬಿಟ್ಟರು. ವಾರಕ್ಕೆ ಮೂರು ಸಂಜೆ ಇಬ್ಬರೂ ಕೂತು ಮಾತಾಡಿದರು. ಕಡೆಗೆ ಸಸೂನ್ ತನ್ನ ಸಿಪಾಯಿಗಳನ್ನು ಬಿಟ್ಟಿರಲಾರದೆ ರಣರಂಗಕ್ಕೆ ಮರಳಿದ. ಅಭಿಪ್ರಾಯ ಬದಲಿಸಿಕೊಂಡು ಹೋದದ್ದಲ್ಲ. ಮುಂದಿನ ಜುಲೈನಲ್ಲಿ ತಲೆಗೆ ಗುಂಡು ತಗುಲಿ ಲಂಡನ್ನಿಗೆ ಬಂದಾಗ ಅವನ ಹಾಸಿಗೆಯ ಪಕ್ಕ ಬಂದು ಕೂತವರು ರಿವರ್ಸ್. ಅವನು ಬದುಕಿದ. ಕ್ರೇಗ್‌ಲಾಕ್‌ಹಾರ್ಟ್‌ನಲ್ಲೇ ಇದ್ದ ಇನ್ನೊಬ್ಬ ಕವಿ ವಿಲ್ಫ್ರೆಡ್ ಓವನ್ ಬದುಕಲಿಲ್ಲ. ಅವನನ್ನು ನೋಡಿಕೊಂಡದ್ದು ಬೇರೆ ವೈದ್ಯರು. ಗುಣವಾಗಿ ಮರಳಿದವನು ಕದನವಿರಾಮಕ್ಕೆ ಒಂದು ವಾರ ಮೊದಲು ಸತ್ತ, 25ನೆಯ ವಯಸ್ಸಿಗೆ.

ಗುಣಪಡಿಸಿದ ಕೈಯೇ ಸಾವಿನ ಕಡೆಗೆ ಕಳುಹಿಸುತ್ತದೆ ಎಂಬ ಈ ಸಂಕಟವನ್ನು ರಿವರ್ಸ್ ತಮ್ಮಿಂದ ತಾವೇ ಮರೆಮಾಡಿಕೊಳ್ಳಲಿಲ್ಲ. ಅವರು ತೀರಿಕೊಂಡ ಮರುವರ್ಷ ಹೊರಬಂದ ಪುಸ್ತಕದಲ್ಲಿ ತಮ್ಮದೇ ಕನಸೊಂದನ್ನು ಬಿಡಿಸಿಟ್ಟಿದ್ದಾರೆ. ಯುದ್ಧ ನಡೆಯಲೇಬೇಕೆಂಬ ಕರ್ತವ್ಯನಿಷ್ಠೆ ಒಂದು ಕಡೆ, ಅದು ನಿಲ್ಲಬಾರದೇ ಎಂಬ ಹಂಬಲ ಇನ್ನೊಂದು ಕಡೆ, ನಡುವೆ ಹಗ್ಗಜಗ್ಗಾಟ. ರೋಗಿಯ ಮಾತು ವೈದ್ಯರ ಒಳಗನ್ನೂ ಅಲುಗಿಸಿತ್ತು. ಕಿವಿಗೊಟ್ಟು ಕೇಳಿದವನು ಮೊದಲಿದ್ದಂತೆ ಉಳಿಯುವುದಿಲ್ಲ. ಯುದ್ಧಕ್ಕೆ ಮೊದಲು ತಮ್ಮೊಳಗೆ ತಾವಿರುತ್ತಿದ್ದ ಆ ಸಂಕೋಚದ ಮನುಷ್ಯ ಆಮೇಲೆ ಕಾಲೇಜಿನ ಹುಡುಗರಿಗೆಲ್ಲ ಕೋಣೆಯ ಬಾಗಿಲು ತೆರೆದಿಟ್ಟರು. ಲೇಬರ್ ಪಕ್ಷದ ಪರವಾಗಿ ಸಂಸತ್ತಿಗೆ ನಿಲ್ಲಲೂ ಒಪ್ಪಿದರು, ಉಗ್ಗುವ ನಾಲಗೆಯೊಂದಿಗೆ! ಚುನಾವಣೆಗೆ ಮೊದಲೇ ಸಾವು ಬಂತು.

ಸಭೆಯವರೇ, ಸೈನಿಕರಿಗಾಗಿ ನಾವು ಪ್ರತಿ ಭಾನುವಾರ ಪ್ರಾರ್ಥಿಸುತ್ತೇವೆ. ಹುತಾತ್ಮರಾದವರ ಪೆಟ್ಟಿಗೆ ಊರಿಗೆ ಬಂದರೆ ಊರೇ ಸೇರುತ್ತದೆ, ಹೂವಿನ ಮಳೆಯಾಗುತ್ತದೆ. ಬದುಕಿ ಬಂದವನ ಮನೆಗೆ ಮಾತ್ರ ಯಾರೂ ಹೋಗುವುದಿಲ್ಲ. ಅವನು ಕುಡಿಯತೊಡಗಿದರೆ, ಹೆಂಡತಿಯ ಮೇಲೆ ರೇಗಿದರೆ, ಆರಾಧನೆಗೆ ಬರುವುದನ್ನು ನಿಲ್ಲಿಸಿದರೆ, ಅವನ ಬೆನ್ನ ಹಿಂದೆ ಮಾತಾಡಿಕೊಳ್ಳುತ್ತೇವೆ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಅಂದರೆ ಹುಚ್ಚು ಹಿಡಿದಿದೆಯೆಂದು ಹೇಳುತ್ತಿದ್ದೀರಾ ಎಂದು ಮನೆಯವರು ಸಿಟ್ಟಾಗುತ್ತಾರೆ. ವೈದ್ಯರ ಬಳಿ ಹೋಗುವುದು ನಂಬಿಕೆಯ ಕೊರತೆಯಲ್ಲ. ದೂತನು ತಂದ ರೊಟ್ಟಿಯನ್ನು ಎಲೀಯ ತಿಂದ. ವೈದ್ಯರ ಕೈಯಿಂದ ಬರುವ ಔಷಧವನ್ನೂ ನಾವು ಹಾಗೆಯೇ ತೆಗೆದುಕೊಳ್ಳಬೇಕು.

ಆದುದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇದು. ನಿಮ್ಮ ಬೀದಿಯಲ್ಲಿ ಸೇನೆಯಿಂದ, ಪೊಲೀಸ್ ಕೆಲಸದಿಂದ ಮನೆಗೆ ಬಂದವರಿದ್ದರೆ ಈ ವಾರ ಹೋಗಿ ಕೂತು ಬನ್ನಿ. ಯುದ್ಧದ ಸಾಹಸ ಹೇಳು ಎಂದು ಪೀಡಿಸಬೇಡಿ. ಅವರಾಗಿ ಬಾಯಿ ತೆರೆದರೆ ತಡೆಯಬೇಡಿ, ಮರೆತುಬಿಡಿ ಎನ್ನಬೇಡಿ, ವಚನ ಹುಡುಕಲು ಆತುರಪಡಬೇಡಿ. ತಾಯಂದಿರೇ, ಮಗ ರಾತ್ರಿ ಎದ್ದು ಕೂತರೆ ಪಕ್ಕದಲ್ಲಿ ಕೂರಿ. ನಿದ್ದೆ ವಾರಗಟ್ಟಲೆ ಬಾರದಿದ್ದರೆ, ಬದುಕು ಸಾಕೆಂಬ ಮಾತು ಒಮ್ಮೆಯಾದರೂ ಬಾಯಿಂದ ಬಂದರೆ, ತಡಮಾಡದೆ ವೈದ್ಯರನ್ನು ಕಾಣಿಸಿ. 14416 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಸರ್ಕಾರದ ಟೆಲಿ-ಮಾನಸ್ ಸೇವೆಯವರು ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಸಭೆಯ ಬಾಗಿಲಿನ ಪಕ್ಕದ ಫಲಕದಲ್ಲಿ ಆ ಸಂಖ್ಯೆಯನ್ನು ಬರೆಸಿದ್ದೇವೆ. ಹೊರಡುವ ಮೊದಲು ಬರೆದುಕೊಂಡು ಹೋಗಿ.